ಎಳೆದರೆ ಬಿಚ್ಚುವ ಹೊಲಿಗೆ

ಹಾಸುಬಟ್ಟೆಯ ನಟ್ಟನಡುವೆ ಕಿಟಕಿಯಂಥ ಒಂದು ತೂತಿತ್ತು. ತಾರಸಿಯ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದ ಸೊಸೆಗೆ ಅದರೊಳಗಿಂದ ಆಚೆಯ ನೀರಿನ ಟ್ಯಾಂಕು, ಅದರ ಮೇಲೆ ಕೂತ ಪಾರಿವಾಳ, ಎರಡೂ ಚೌಕಟ್ಟು ಹಾಕಿದ ಹಾಗೆ ಕಂಡವು. ಹರಿದದ್ದಲ್ಲ, ಇಲಿ ಕಡಿದದ್ದೂ ಅಲ್ಲ. ನಾಲ್ಕು ಕಡೆಯೂ ಗೆರೆ ಹೊಡೆದಷ್ಟು ನೇರ. ಕೆಳಗೆ ತಂದು ಗಂಡನಿಗೆ ತೋರಿಸಿದಳು. ಅವನು ತೂತಿನೊಳಗೆ ತಲೆ ತೂರಿಸಿ, ನಮ್ಮನೆ ಇಲಿ ಸ್ಕೇಲು ಇಟ್ಟುಕೊಂಡು ಕಡಿಯುತ್ತದೆ ಅಂದ. ಅವಳ ಸೊಂಟದ ಮೇಲಿದ್ದ ಮಗು ಅಪ್ಪನ ತಲೆ ಕಂಡು ಕೇಕೆ ಹಾಕಿತು. ಅತ್ತೆ ಮಾತ್ರ ನಗಲಿಲ್ಲ. ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ಮುಖ ಗಂಟಿಕ್ಕಿಕೊಂಡು ಅಡುಗೆಮನೆಗೆ ನಡೆದರು. ಆ ಮನೆಯಲ್ಲಿ ಅಷ್ಟು ನೇರವಾಗಿ ಕತ್ತರಿಸಬಲ್ಲ ಕೈ ಒಂದೇ ಇತ್ತು.

ಒಳಕೋಣೆಯಲ್ಲಿದ್ದವರು ಅತ್ತೆಯ ತಾಯಿ. ತೊಂಬತ್ತು ಯಾವತ್ತೋ ದಾಟಿತ್ತು. ಎಷ್ಟು ದಾಟಿದೆ ಅನ್ನುವುದರಲ್ಲಿ ಮನೆಯವರಲ್ಲೇ ಒಮ್ಮತವಿರಲಿಲ್ಲ. ಮನೆಗೂ ಬೀದಿಗೂ ಅವರು ಮಾಸ್ಟರಮ್ಮ. ಬೀದಿಯ ಕೊನೆಯಲ್ಲಿ ಒಂದು ಕಾಲಕ್ಕೆ ಯೂನಿಫಾರ್ಮ್ ಹೊಲಿಯುವ ದೊಡ್ಡ ಕಾರ್ಖಾನೆ ಇತ್ತು. ನರ್ಸುಗಳ ಕೋಟು, ಶಾಲೆಯ ಅಂಗಿ, ಕಾವಲುಗಾರರ ಜಾಕೀಟು ಎಲ್ಲ ಅಲ್ಲೇ ಆಗುತ್ತಿದ್ದವು. ಹೊಲಿದ ಬಟ್ಟೆಯಲ್ಲಿ ಉಳಿದ ದಾರದ ತುದಿ ಕತ್ತರಿಸುವ ಕೆಲಸಕ್ಕೆಂದು ಆ ಕಾರ್ಖಾನೆ ಹೊಕ್ಕಾಗ ಅವರಿನ್ನೂ ಜಡೆ ಹಾಕಿಕೊಳ್ಳುವ ಹುಡುಗಿ. ಮೇಜಿನ ಕೆಳಗೆ ಕೂತು ದಾರ ಕತ್ತರಿಸುತ್ತಲೇ, ಮೇಲೆ ಕಟಿಂಗ್ ಮಾಸ್ಟರು ಏನು ಮಾಡುತ್ತಾನೆ ಅಂತ ಕತ್ತು ಉದ್ದ ಮಾಡಿ ನೋಡುತ್ತಿದ್ದರಂತೆ. ಒಂದು ಸಲ ಮಾಸ್ಟರು ಜ್ವರ ಅಂತ ಮಲಗಿದ. ಆಸ್ಪತ್ರೆಯ ಕೋಟುಗಳು ತಲೆಯ ಮೇಲೆ ಕೂತಿದ್ದವು. ಹುಡುಗಿ ಸ್ಟೂಲು ಹತ್ತಿ ನಿಂತು ಕತ್ತರಿ ಹಾಕಿಯೇಬಿಟ್ಟಳು. ಮಾಲೀಕರು ಮೊದಲು ಎದೆ ಹಿಡಿದುಕೊಂಡರು, ಆಮೇಲೆ ಕೋಟು ತೊಟ್ಟು ನೋಡಿದರು. ಆ ಜ್ವರದ ಮಾಸ್ಟರು ವಾಪಸು ಬಂದಾಗ ಮೇಜಿನ ಅರ್ಧ ಭಾಗ ಅವನದಾಗಿ ಉಳಿದಿರಲಿಲ್ಲ.

ಈ ಕಥೆ ಸೊಸೆಗೆ ಮದುವೆಯಾಗಿ ಬಂದ ಹೊಸತರಲ್ಲೇ ಬಾಯಿಪಾಠವಾಗಿತ್ತು. ಕಾರ್ಖಾನೆ ಮುಚ್ಚಿದ ಮೇಲೂ ಮಾಸ್ಟರಮ್ಮ ಮನೆಯಲ್ಲಿ ಕೂತು ಅಕ್ಕಪಕ್ಕದವರ ಬಟ್ಟೆ ಕತ್ತರಿಸಿಕೊಡುತ್ತಿದ್ದ ಕಾಲ ಅದು. ಕೊರಿಯರ್ ಆಫೀಸಿನಲ್ಲಿ ಪೊಟ್ಟಣ ಕಟ್ಟುತ್ತಿದ್ದ ಸೊಸೆಗೆ ನೆಟ್ಟಗೆ ಒಂದು ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ಅದು ಗೊತ್ತಾದ ದಿನ ಮಾಸ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಪಾಪದ ಹುಡುಗಿ, ಬೇರೆ ಗುಣ ಏನಾದರೂ ಇರಬಹುದು ಅಂದಿದ್ದರು.

ಬಟ್ಟೆಯ ಥಾನು ಬಿಚ್ಚಿದ ಕೂಡಲೇ ಅವರು ಕತ್ತರಿ ಮುಟ್ಟುತ್ತಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಕಲೆ ಇದೆ, ಎಲ್ಲಿ ನೂಲು ಹೋಗಿದೆ ಅಂತ ಹುಡುಕಿ, ಸುತ್ತ ಸೀಮೆಸುಣ್ಣದ ಗೆರೆ ಹಾಕಿ, ಅಷ್ಟನ್ನು ಮೊದಲು ಕತ್ತರಿಸಿ ಮೇಜಿನ ಕೆಳಗೆ ಎಸೆಯುತ್ತಿದ್ದರು. ಅದು ಗಿರಾಕಿಯ ಕಣ್ಣಿಗೆ ಬೀಳಕೂಡದು. ಬಟ್ಟೆಯಲ್ಲಿ ಅಂಥದೊಂದು ಜಾಗ ಇತ್ತು ಅನ್ನುವುದೇ ಅವನಿಗೆ ತಿಳಿಯಕೂಡದು. ಒಮ್ಮೆ ಸೊಸೆಯ ಕಣ್ಣೆದುರೇ ಒಂದು ಅಂಗಿಗೆ ಎರಡೂ ಎಡತೋಳು ಕತ್ತರಿಸಿಬಿಟ್ಟಿದ್ದರು. ಪಿನ್ನು ಹಾಕುವಾಗ ಗೊತ್ತಾಯಿತು. ಮಾಸ್ಟರಮ್ಮ ಅದೇ ಬಟ್ಟೆ ಮತ್ತೆ ತರಿಸಿ, ಹೊಸ ತೋಳು ಕತ್ತರಿಸಿ ಕೊಟ್ಟು, ಮಾರನೆಯ ದಿನ ಕಣ್ಣು ಮಂಜಾಗಿದೆ, ಇನ್ನು ಕೆಲಸ ಒಪ್ಪಿಕೊಳ್ಳುವುದಿಲ್ಲ ಅಂತ ಬೀದಿಗೆಲ್ಲ ಹೇಳಿ ಕಳಿಸಿದರು. ಕಣ್ಣು ಚೆನ್ನಾಗಿಯೇ ಇತ್ತು. ಮೈಮನಸ್ಸಿನಲ್ಲಿ ಏನೋ ಜಾರುತ್ತಿದೆ ಅಂತ ಎಲ್ಲರಿಗಿಂತ ಮೊದಲು ಕಂಡುಕೊಂಡವರು ಅವರೇ.

ಆಮೇಲೆ ಒಂದು ಬೆಳಿಗ್ಗೆ ಎಡಗೈ ಸೋತಿತು. ಕಾಲು ಗೋಡೆ ಹಿಡಿದುಕೊಂಡೇ ನಡೆಯುವಂತಾಯಿತು, ಆಮೇಲೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಅಷ್ಟೇ. ಹೆಸರುಗಳು ಒಂದೊಂದಾಗಿ ಉದುರಿದವು. ಕಾರ್ಖಾನೆಯಲ್ಲಿ ಕೈಕೆಳಗಿನವರನ್ನೆಲ್ಲ ಕರೆಯುತ್ತಿದ್ದ ಹಾಗೆ ಸೊಸೆಯನ್ನೂ ಹುಡುಗಿ ಅನ್ನತೊಡಗಿದರು. ಹೆತ್ತ ಮಗಳ ಬಗ್ಗೆ ಸೊಸೆಯ ಕಿವಿಯಲ್ಲಿ, ಆ ಹೆಂಗಸನ್ನ ಯಾರು ಕೆಲಸಕ್ಕೆ ತಗೊಂಡ್ರು, ಬಾಯಿ ಬಹಳ ಜೋರು ಅಂದಿದ್ದರು. ಸೊಸೆ ಅದನ್ನು ನಗುನಗುತ್ತಾ ಅತ್ತೆಗೆ ಹೇಳಿದಳು. ಅತ್ತೆಯೂ ನಕ್ಕರು. ಮಂಡಿನೋವಿನ ಎಣ್ಣೆ ತಿಕ್ಕಿಕೊಳ್ಳುತ್ತಾ ಒಬ್ಬರೇ ಕೂತಿದ್ದಾಗ ಅವರ ಕಣ್ಣು ಒದ್ದೆಯಾಗಿದ್ದನ್ನು ಸೊಸೆ ಆಮೇಲೆ ಕಂಡಳು.

ಇಷ್ಟೆಲ್ಲ ಹೋದರೂ ಬಲಗೈ ಮತ್ತು ಕತ್ತರಿ ಉಳಿದಿದ್ದವು. ಉದ್ದನೆಯ, ಭಾರವಾದ ಕತ್ತರಿ. ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದರು. ಅದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ತಾರಸಿಯಲ್ಲಿ ಮೊದಲ ತೂತು ಕಂಡ ವಾರವೇ ಇನ್ನೊಂದು ಹಾಸುಬಟ್ಟೆಗೆ ತೂತು ಬಿತ್ತು. ಮೂರನೆಯದಕ್ಕೆ ತೂತಿನ ಜಾಗದಲ್ಲಿ ತೇಪೆಯೇ ಬಂದಿತ್ತು, ದಿಂಬಿನ ಚೀಲದಿಂದ ಕತ್ತರಿಸಿದ್ದು. ಒಂದು ಕೈಯಲ್ಲಿ ಹಾಕಿದ ಹೊಲಿಗೆ ಎಲ್ಲೆಲ್ಲೋ ಓಡಿತ್ತು. ಬುದ್ಧಿ ಪೂರ್ತಿ ಕೆಟ್ಟಿತು ಅಂತ ಅತ್ತೆ ತೀರ್ಮಾನಿಸಿದರು. ಸೊಸೆಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿತ್ತು. ಕತ್ತರಿಸಿದ ತುಂಡುಗಳು ಎಲ್ಲಿ? ಮಗುವಿನ ಚೆಂಡು ಮಂಚದ ಕೆಳಗೆ ಉರುಳಿದಾಗ ಅದಕ್ಕೂ ಉತ್ತರ ಸಿಕ್ಕಿತು. ಟ್ರಂಕಿನ ಹಿಂದೆ, ಗೋಡೆಯ ಸಂದಿನಲ್ಲಿ, ಮಡಿಸಿ ಮಡಿಸಿ ತುರುಕಿದ್ದ ತುಂಡುಗಳು. ವಾಸನೆ ಮೂಗಿಗೆ ಬಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. ಬೆಳಗಾದರೆ ಮಗುವಿನ ಬಟ್ಟೆ ಒಗೆಯುವವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಬುದ್ಧಿ ಕೆಟ್ಟದ್ದಲ್ಲ. ಒದ್ದೆಯಾದ ಜಾಗವನ್ನು ಮಾಸ್ಟರಮ್ಮ ಕತ್ತರಿಸಿ ತೆಗೆಯುತ್ತಿದ್ದರು.

ಎಳೆ ಮಗು, ಹಣ್ಣು ಮುದುಕಿ ಎರಡೂ ಒಂದೇ, ಒಂದೇ ಕೈಯಲ್ಲಿ ಎರಡನ್ನೂ ನೋಡಿಕೊಳ್ಳುತ್ತೀಯಲ್ಲ ಅಂತ ಎದುರುಮನೆಯ ಇಸ್ತ್ರಿಯವಳು ಕನಿಕರದಿಂದ ಹೇಳುತ್ತಿದ್ದಳು. ಸೊಸೆಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಮಗು ಒದ್ದೆ ಮಾಡಿಕೊಂಡು ಕಾಲು ಬಡಿದು ನಗುತ್ತದೆ. ಇವರು ಎಚ್ಚರಾದ ಕೂಡಲೇ, ಯಾರಾದರೂ ಬರುವ ಮೊದಲು, ಒಂದೇ ಕೈಯಲ್ಲಿ ಮೈ ಹೊರಳಿಸಿ, ಅಷ್ಟು ಭಾರದ ಕತ್ತರಿ ಹಿಡಿದು ಒದ್ದಾಡುತ್ತಾರೆ. ಇದು ಎಲ್ಲಿಂದ ಒಂದೇ ಆಯಿತು?

ಅತ್ತೆ ತುಂಡುಗಳನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ತಾಯಿಯ ಮುಂದೆ ಹಿಡಿದರು. ಇದೇನಮ್ಮ ಅಂತ ಕೇಳಿದರು. ಮಾಸ್ಟರಮ್ಮ ನೋಡಲೇ ಇಲ್ಲ.

"ಡ್ಯಾಮೇಜ್ ಬಂದಿತ್ತು. ತೆಗೆದು ಹಾಕ್ದೆ."

"ಡ್ಯಾಮೇಜಲ್ಲ ಅಮ್ಮ. ಆಯ್ತು ಅಂತ ಬಾಯಿಬಿಟ್ಟು ಹೇಳಿದ್ರೆ ಬದಲಾಯಿಸ್ತೀವಿ. ಮಗಳ ಹತ್ರ ಎಂಥಾ ಮರ್ಯಾದೆ?"

"ಥಾನು ವಾಪಸ್ ಕಳ್ಸು. ಈ ಮಿಲ್ಲಿನ ಮಾಲು ಸರಿಯಿಲ್ಲ," ಅಂದು ಅವರು ಗೋಡೆಯ ಕಡೆ ತಿರುಗಿದರು. ಕಿವಿಯ ತುದಿ ಕೆಂಪಾಗಿತ್ತು.

ದೊಡ್ಡವರ ಡೈಪರ್ ತಂದದ್ದಾಯಿತು. ಮೊದಲ ದಿನ ಹಾಕಿಸಿಕೊಂಡು ಸುಮ್ಮನಿದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ಕೋಣೆಯ ತುಂಬ ಅರಳೆ, ಅಂಟಂಟು ಹರಳು. ಮಗು ಅದರಲ್ಲಿ ಅಂಬೆಗಾಲಿಟ್ಟು ಹಿಮದ ಗೊಂಬೆಯ ಹಾಗೆ ಹೊರಬಂತು. ಸೊಸೆಯ ಗಂಡ, ಅಂದರೆ ಮಾಸ್ಟರಮ್ಮನ ಮೊಮ್ಮಗ, ಅದನ್ನು ಕಂಡು ನಕ್ಕು, ಅಜ್ಜಿಯ ಕೈಗೆ ಇನ್ನೂ ಎರಡು ಕಾರ್ಖಾನೆ ಕೊಡಬಹುದು ಅಂದ. ಆ ನಗು ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತ. ಬಟ್ಟೆಯ ಜೊತೆಗೆ ಕತ್ತರಿ ತೊಡೆಯ ಚರ್ಮವನ್ನೂ ಹಿಡಿದಿತ್ತು. ಕಾಗದದಷ್ಟು ತೆಳುವಾದ ಚರ್ಮ. ಗಾಬರಿಯಲ್ಲಿ ಎಲ್ಲರೂ ಗಾಯದ ಮೇಲೆ ಬಗ್ಗಿದ್ದಾಗ ಸೊಸೆ ತಿರುಗಿ ನೋಡಿದಳು. ಮಗು ಮಂಚದ ಅಂಚು ಹಿಡಿದು ಎದ್ದು ನಿಂತಿತ್ತು. ಬಿಚ್ಚಿಕೊಂಡಿದ್ದ ಕತ್ತರಿಯ ಅಲಗು ಅದರ ಬೆರಳುಗಳಿಂದ ಒಂದು ಗೇಣೂ ದೂರವಿರಲಿಲ್ಲ.

ಅವತ್ತು ಕತ್ತರಿಯನ್ನು ತೆಗೆದದ್ದು ಅತ್ತೆಯಲ್ಲ, ಅವಳೇ. ಬೀರುವಿನ ಮೇಲೆ, ಸೂಟ್‌ಕೇಸಿನ ಒಳಗೆ ಇಟ್ಟು ಬೀಗ ಹಾಕಿದಳು. ಅದಕ್ಕೆ ಅವಳಿಗೆ ಪಶ್ಚಾತ್ತಾಪವೂ ಇರಲಿಲ್ಲ. ಹೆತ್ತವಳು ಮಾಡಬೇಕಾದದ್ದು ಅದೇ.

ಮಾಸ್ಟರಮ್ಮ ಕತ್ತರಿ ಎಲ್ಲಿ ಅಂತ ಒಂದೇ ಸಲ ಕೇಳಿದರು. ಸಾಣೆಗೆ ಕೊಟ್ಟಿದೆ ಅಂತ ಉತ್ತರ ಕೇಳಿ ಹೂಂಗುಟ್ಟಿದರು. ರಂಪ ಮಾಡಲಿಲ್ಲ, ಹಾಸಿಗೆಯೂ ಒದ್ದೆಯಾಗಲಿಲ್ಲ. ಮನೆಯವರಿಗೆ ತಲೆಯ ಮೇಲಿನ ಭಾರ ಇಳಿದ ಹಾಗಾಯಿತು. ಕತ್ತರಿ ತೆಗೆದಿಡಲು ಇಷ್ಟು ದಿನ ಹೆದರಿಕೊಂಡದ್ದೇ ದಡ್ಡತನ ಅನ್ನಿಸಿತು. ಆದರೆ ತುಟಿ ಒಡೆಯತೊಡಗಿತು. ನಾಲಿಗೆ ಒಣಗಿ ಮಾತು ಅಂಟಿಕೊಂಡು ಬರತೊಡಗಿತು. ಒಂದು ಸಂಜೆ ಕುರ್ಚಿಯ ಪಕ್ಕದ ಹೂವಿನ ಕುಂಡದಲ್ಲಿ ಚಹಾದ ಬಣ್ಣ ಕಂಡಾಗಲೇ ಸೊಸೆಗೆ ಹೊಳೆದದ್ದು: ನೀರು, ಹಾಲು, ಚಹಾ, ಕೊಟ್ಟದ್ದೆಲ್ಲ ಕುಂಡಕ್ಕೆ ಹೋಗುತ್ತಿತ್ತು. ಕತ್ತರಿಸುವ ದಾರಿ ಮುಚ್ಚಿದ ಮೇಲೆ ಮಾಸ್ಟರಮ್ಮ ಬೇರೆ ದಾರಿ ಹಿಡಿದಿದ್ದರು. ಕುಡಿಯುವುದನ್ನೇ ಬಿಟ್ಟಿದ್ದರು.

ಕ್ಲಿನಿಕ್ಕಿನ ಡಾಕ್ಟರಮ್ಮ ಮನೆಗೇ ಬಂದು ಚರ್ಮ ಎತ್ತಿ ನೋಡಿದರು. ಎತ್ತಿದ ಮಡಿಕೆ ಇಳಿಯಲೇ ಇಲ್ಲ. ಹೀಗೇ ಆದರೆ ಮೂತ್ರಪಿಂಡ ಕೈಕೊಡುತ್ತದೆ, ಕುಡಿಸಿ, ಕುಡಿಯದಿದ್ದರೆ ಆಸ್ಪತ್ರೆಗೆ ಹಾಕಿ, ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ ಅಂದರು. ಅವರು ಹೋದ ಮೇಲೆ ಫ್ರಿಜ್ಜು ರಿಪೇರಿಯ ಬ್ಯಾಗನ್ನು ಹೆಗಲಿಂದ ಇಳಿಸದೆಯೇ ಮೊಮ್ಮಗ ಬಾಯಿಬಿಟ್ಟ. ಊರ ಹೊರಗೆ ವೃದ್ಧರನ್ನು ನೋಡಿಕೊಳ್ಳುವ ಒಂದು ಕಡೆ ಅವನು ಆಗಲೇ ವಿಚಾರಿಸಿ ಬಂದಿದ್ದ. ಜಾಗ ಚೊಕ್ಕಟವಾಗಿದೆ, ನರ್ಸುಗಳಿದ್ದಾರೆ, ನಳಿಕೆ ಹಾಕಿ ನೀರು ಕೊಡುತ್ತಾರೆ. ಸೊಸೆ ಕೇಳಿದಳು: ಡೈಪರ್ ಕಿತ್ತು ಹಾಕುವವರನ್ನ ಏನು ಮಾಡ್ತಾರಂತೆ? ಅವನು ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಬಿಡುತ್ತಾ ನಿಂತ.

"ಕೈಗೆ ಚೀಲ ಕಟ್ತಾರಂತೆ. ಮೆತ್ತನೆ ಚೀಲ. ನೋವಾಗಲ್ಲ."

"ಆ ಕೈಗಾ?"

"ಮತ್ತೇನು ಮಾಡ್ಲಿ ಹೇಳು. ನಿನ್ನ ಮುಖ ನೋಡ್ಕೊಂಡಿದೀಯಾ ಕನ್ನಡೀಲಿ? ಅಮ್ಮನ ಮಂಡಿ ನೋಡಿದೀಯಾ? ಅವಳು ನನಗೂ ಅಜ್ಜಿನೇ ಕಣೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅತ್ತೆ ಇಬ್ಬರ ಮುಖವನ್ನೂ ನೋಡಲಿಲ್ಲ. ತಿಂಗಳ ಕೊನೆಯವರೆಗೆ ನೋಡೋಣ, ಅಷ್ಟರಲ್ಲಿ ನೀರು ಕುಡಿದರೆ ಇಲ್ಲಿರಲಿ, ಇಲ್ಲದಿದ್ದರೆ ಅಲ್ಲಿಗೆ ಅಂತ ಮೂವರ ನಡುವೆ ಮಾತಾಯಿತು. ಆ ಚೀಲ ಕಟ್ಟಿದ ಕೈಯನ್ನು ಸೊಸೆ ಎಷ್ಟು ಬೇಡವೆಂದರೂ ಕಣ್ಣ ಮುಂದಿನಿಂದ ಸರಿಸಲಾರದೆ ಹೋದಳು.

ಅಡುಗೆಮನೆಯಲ್ಲಿ ಹಿಟ್ಟಿನ ಹೊಸ ಚೀಲ ಬಿಚ್ಚುವಾಗ ಅವಳ ಕೈ ನಿಂತಿತು. ಚೀಲದ ಬಾಯಿಗೆ ಹಾಕಿದ ಹೊಲಿಗೆ ಒಂದು ತುದಿಯಿಂದ ಎಳೆದರೆ ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ. ಇನ್ನೊಂದು ತುದಿ ಹಿಡಿದು ಎಳೆದರೆ ಸರ್ರನೆ ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕತ್ತರಿ ಬೇಡ, ಎರಡನೇ ಕೈಯೂ ಬೇಡ. ಅವಳು ಅಲ್ಲೇ ನಿಂತು ಆ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಹಾಸುಬಟ್ಟೆಯ ನಡುವಿನ ಭಾಗ ಮೊದಲೇ ಬೇರೆ ತುಂಡಾಗಿದ್ದರೆ? ಅದರ ಹಿಂಬದಿಗೆ ತೆಳು ರಬ್ಬರ್ ಶೀಟು, ಕೆಳಗೆ ಇನ್ನೊಂದು ಒಣಬಟ್ಟೆ ಇದ್ದರೆ? ದಾರ ಎಳೆದು, ತುಂಡು ಜಾರಿಸಿ, ಮಂಚದ ಪಕ್ಕದ ಮುಚ್ಚಳದ ಬಕೆಟ್ಟಿಗೆ ಹಾಕಿದರೆ ಮುಗಿಯಿತಲ್ಲ.

ಆ ಹೊಲಿಗೆ ಅವಳಿಗೆ ಬರಬೇಕಲ್ಲ. ನಾಲ್ಕು ಸಲ ಹಾಕಿದಳು, ನಾಲ್ಕು ಸಲವೂ ಗಂಟು ಬಿತ್ತು. ಕೊನೆಗೆ ಬಟ್ಟೆ, ಸೂಜಿ, ದಪ್ಪ ದಾರ ಹಿಡಿದು ಒಳಕೋಣೆಗೇ ಹೋದಳು. ಮಗು ಮಲಗಿತ್ತು, ಅತ್ತೆ ಹೊರಗೆ ಹೋಗಿದ್ದರು. ಕಿಟಕಿಯ ಬಿಸಿಲು ಮಾಸ್ಟರಮ್ಮನ ಮಡಿಲಲ್ಲಿ ಬಿದ್ದಿತ್ತು. ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಹಿಟ್ಟಿನ ಚೀಲದ ಹೊಲಿಗೆ ಕಲಿಸಿಕೊಡಿ ಅಂತ ಕೇಳಿದಳು.

ಮಾಸ್ಟರಮ್ಮ ಅವಳ ಹೊಲಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕೋಳಿ ಕೆದರಿದ ಹಾಗಿದೆ ಅಂದರು. ಬಲಗೈಯಲ್ಲಿ ಸೂಜಿ ತೆಗೆದುಕೊಂಡು, ಎಡಗೈ ಇರಬೇಕಾದ ಕಡೆ ಅವಳ ಕೈಯನ್ನು ಎಳೆದಿಟ್ಟುಕೊಂಡರು. ಕುಣಿಕೆ ಹಾಕಿ, ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆದರು. ಒಂದೊಂದು ಸಲ ಏನು ಮಾಡುತ್ತಿದ್ದೇನೆ ಅನ್ನುವುದೇ ಮರೆತು ಸೂಜಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಬೆರಳು ಬಟ್ಟೆಗೆ ತಾಗಿದರೆ ಮತ್ತೆ ಓಡುತ್ತಿತ್ತು. ಅವಳು ಕಲಿತಳು. ಸಾಲು ನೆಟ್ಟಗೆ ಬಂದಾಗ ಮಾಸ್ಟರಮ್ಮ ಕೇಳಿದರು:

"ಯಾರದ್ದು ಆರ್ಡರು?"

ಸೊಸೆ ತಲೆಯೆತ್ತಲಿಲ್ಲ. "ಒಬ್ಬ ಗಿರಾಕಿ. ಯಾರನ್ನೂ ಕರೀದೆ, ಅವರೇ ಬಿಚ್ಚಿ ತೆಗೀಬೇಕಂತೆ. ಕತ್ತರಿ ಇಲ್ದೆ."

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು.

"ಹಾಗಿದ್ರೆ ತುದಿ ಬಲಗಡೆ ಬಿಡು," ಅಂದರು ಮಾಸ್ಟರಮ್ಮ. "ಉದ್ದ ಬಿಡು. ಎಡಗೈ ಬರಲ್ಲ ಅದಕ್ಕೆ."

ಸೊಸೆ ಹೂಂ ಅಂದಳು. ಬಲಗಡೆ ತುದಿ ಉದ್ದ ಬಿಟ್ಟು, ಹಿಡಿಯಲು ಸಿಗಲಿ ಅಂತ ಅದಕ್ಕೊಂದು ದೊಡ್ಡ ಮರದ ಗುಂಡಿ ಕಟ್ಟಿದಳು. ಗುಂಡಿ ಕಟ್ಟಿದ ರೀತಿಯನ್ನೂ ಮಾಸ್ಟರಮ್ಮ ಎರಡು ಸಲ ಬಿಚ್ಚಿಸಿದರು.

ಅವತ್ತು ಸಂಜೆ ಕೊಟ್ಟ ನೀರು ಕುಂಡಕ್ಕೆ ಹೋಗಲಿಲ್ಲ. ಮಾಸ್ಟರಮ್ಮ ಲೋಟವನ್ನು ಎರಡೂ ಕಡೆಯಿಂದ ನೋಡಿ, ಒಂದೊಂದೇ ಗುಟುಕು ಕುಡಿದರು. ಬೆಳಿಗ್ಗೆ ಬಕೆಟ್ಟಿನಲ್ಲಿ ತುಂಡು ಇತ್ತು, ಮುಚ್ಚಳ ಮುಚ್ಚಿತ್ತು. ಮಾಸ್ಟರಮ್ಮ ಒಣಬಟ್ಟೆಯ ಮೇಲೆ ಮಲಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಸೂರನ್ನು ನೋಡುತ್ತಿದ್ದರು. ಆ ಬಕೆಟ್ಟಿನ ಬಗ್ಗೆ ಯಾರೂ ಬಾಯಿ ತೆರೆಯಕೂಡದು ಅಂತ ಸೊಸೆ ಮನೆಗೆಲ್ಲ ಕಟ್ಟುನಿಟ್ಟು ಮಾಡಿದಳು. ಚಹಾ ಕೊಡಲು ಹೋದವಳು ವಾಪಸು ಬರುವಾಗ ಬಕೆಟ್ಟು ತರುತ್ತಿದ್ದಳು, ಯಾವುದೋ ಬೇರೆ ಕೆಲಸಕ್ಕೆ ಬೇಕೆಂಬ ಹಾಗೆ. ಮಗು ಮಲಗಿದ ಮಧ್ಯಾಹ್ನ ಮಾರನೆಯ ದಿನದ ತುಂಡು ಹೊಲಿಯುತ್ತಿದ್ದಳು. ಸೊಂಟ ಮುರಿದುಹೋಗುತ್ತಿತ್ತು. ಒಂದು ದಿನ ಕುಕ್ಕರಿನ ಮೇಲೇ ತೂಕಡಿಸಿ ಹಣೆ ಸುಟ್ಟುಕೊಂಡಳು. ಆದರೂ ತಿಂಗಳ ಕೊನೆ ಬಂತು, ಹೋಯಿತು. ಮೊಮ್ಮಗ ವೃದ್ಧರ ಮನೆಯ ಮಾತು ತೆಗೆಯಲಿಲ್ಲ.

ಅತ್ತೆ ಮೊದಲು ಇದನ್ನೆಲ್ಲ ಗೊಂಬೆಯಾಟ ಅಂದಿದ್ದರು. ಎರಡು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹೊಲಿಯುತ್ತೀಯಲ್ಲ, ಕೂಗಿ ಕರೆದರೆ ಬದಲಾಯಿಸಿ ಹೋಗುವುದಪ್ಪ, ಇಷ್ಟು ಬಿಂಕ ಯಾಕೆ ಅಂತ ಗೊಣಗುತ್ತಿದ್ದರು. ಒಂದು ಮಧ್ಯಾಹ್ನ ಅವಳ ಪಕ್ಕ ಬಂದು ಕೂತು, ಮಂಡಿ ಚಾಚಿ, ಸೂಜಿಗೆ ದಾರ ಪೋಣಿಸಿಕೊಡತೊಡಗಿದರು.

"ನಂಗೂ ಹೀಗೇ ಹೊಲಿದು ಕೊಡ್ತೀಯೇನೆ, ಆ ಕಾಲ ಬಂದಾಗ?"

"ನಿಮಗ್ಯಾಕೆ? ನೀವು ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರಲ್ಲ."

ಅತ್ತೆ ಅವಳ ತೊಡೆಗೊಂದು ಏಟು ಹಾಕಿ ನಕ್ಕರು. ನಗು ನಿಂತ ಮೇಲೂ ದಾರದ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು ಹಾಗೇ ಕೂತಿದ್ದರು. ತಾಯಿಗೆ ತನ್ನ ಮುಖ ಮರೆತುಹೋಗಿದೆ, ಆದರೆ ತನ್ನ ಎದುರು ನಾಚಿಕೆ ಮರೆತಿಲ್ಲ, ಇದು ಯಾವ ನ್ಯಾಯ ಅಂತ ಮೆಲ್ಲಗೆ ಕೇಳಿದರು.

ಚಳಿ ಶುರುವಾದ ಮೇಲೆ ಎಳೆತ ತಪ್ಪತೊಡಗಿತು. ಒಮ್ಮೊಮ್ಮೆ ಒದ್ದೆಯೇ ಆಗದ ತುಂಡು ಬಕೆಟ್ಟಿನಲ್ಲಿ ಇರುತ್ತಿತ್ತು. ಒಮ್ಮೆ ದಾರ ಪೂರ್ತಿ ಎಳೆದು ಮುಷ್ಟಿಯಲ್ಲಿ ಉಂಡೆ ಮಾಡಿ ಹಿಡಿದುಕೊಂಡಿದ್ದರು, ತುಂಡು ಮಾತ್ರ ಅಡಿಯಲ್ಲೇ ಇತ್ತು. ಮುಂದೇನು ಮಾಡಬೇಕು ಅನ್ನುವುದು ನಡುದಾರಿಯಲ್ಲಿ ಕೈಬಿಟ್ಟಿತ್ತು. ಅವತ್ತು ಸೊಸೆ ಬಂದದ್ದು ಕಂಡು ಮುಖ ಸೆರಗಿನಲ್ಲಿ ಮುಚ್ಚಿಕೊಂಡರು. ಅವಳು ಕಿಟಕಿಯ ಪರದೆ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಳು. ಆಮೇಲೆ ಏನೂ ಆಗದವರ ಹಾಗೆ ತುಂಡು ತೆಗೆದು, ಇದನ್ನ ಒಗೆಯೋಕೆ ಹಾಕ್ತೀನಿ, ಬಣ್ಣ ಹೋಗುತ್ತಾ ನೋಡ್ಬೇಕು ಅಂದಳು. ನೋಡು ನೋಡು, ಅಂದಿತು ಸೆರಗಿನ ಹಿಂದಿನ ದನಿ. ಇದನ್ನು ಅವಳು ಅತ್ತೆಗೂ ಗಂಡನಿಗೂ ಹೇಳಲಿಲ್ಲ. ಅಂದಿನಿಂದ ಎಲ್ಲರಿಗಿಂತ ಮೊದಲು ಎದ್ದು ಒಳಕೋಣೆಗೆ ಹೋಗತೊಡಗಿದಳು. ಎಳೆಯದೆ ಉಳಿದ ದಾರವನ್ನು ತಾನೇ ಎಳೆದು, ತುಂಡನ್ನು ಬಕೆಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿಟ್ಟು ಬರುವಳು. ಹೊರಗೆ ಬಂದರೆ ಅತ್ತೆ ಕಣ್ಣಲ್ಲೇ ಕೇಳುವರು, ಇವಳು ಕಣ್ಣಲ್ಲೇ ಹೂಂ ಅನ್ನುವಳು. ತಾನು ಯಾರನ್ನು ಕಾಯುತ್ತಿದ್ದೇನೆ ಅಂತ ಬಟ್ಟೆ ಹಿಂಡುವಾಗ ಯೋಚಿಸುತ್ತಿದ್ದಳು. ಮಾಸ್ಟರಮ್ಮನನ್ನೋ, ತನ್ನ ಹೊಲಿಗೆಯನ್ನೋ?

ಒಂದು ಬೆಳಿಗ್ಗೆ ಮಗುವಿಗೆ ಜ್ವರ ಬಂದು ಅವಳು ಏಳುವುದು ತಡವಾಯಿತು. ಕಣ್ಣುಜ್ಜಿಕೊಂಡು ಓಡಿಬಂದಾಗ ಒಳಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಅತ್ತೆ ಚಹಾದ ಲೋಟ ಹಿಡಿದು ಮಂಚದ ಕಾಲ ಬಳಿ ನಿಂತಿದ್ದರು. ಮಾಸ್ಟರಮ್ಮ ಎಚ್ಚರವಾಗಿಯೇ ಇದ್ದರು. ಹೊದಿಕೆ ಸರಿದು ಬಿದ್ದಿತ್ತು, ಅದನ್ನು ಎಳೆದುಕೊಂಡಿರಲಿಲ್ಲ. ಮರದ ಗುಂಡಿ ಬಲಗೈಯ ಪಕ್ಕದಲ್ಲೇ ಇತ್ತು. ಬೆರಳು ಅದನ್ನು ಸುಮ್ಮನೆ ಅತ್ತಿತ್ತ ಉರುಳಿಸುತ್ತಿತ್ತು. ಮುಖ ಎಷ್ಟು ನಿರಾಳವಾಗಿತ್ತೆಂದರೆ ಸೊಸೆಗೆ ಒಂದು ಕ್ಷಣ ಖುಷಿಯೇ ಆಯಿತು.

ಮಾಸ್ಟರಮ್ಮ ಮಗಳ ಮುಖ ನೋಡಿದರು. ಪರಿಚಯವಿಲ್ಲದವರನ್ನು ನೋಡಿ ನಗುವ ಹಾಗೆ ನಕ್ಕರು.

"ಇಲ್ಲೆಲ್ಲ ಒದ್ದೆಯಾಗಿದೆ ನೋಡಿ," ಅಂದರು.

ಹೊರಗೆ ಬಿಸಿಲು ಬಂದಿದೆ ಅನ್ನುವಷ್ಟೇ ಸಲೀಸಾಗಿ ಅಂದರು. ಕಿವಿ ಕೆಂಪಾಗಲಿಲ್ಲ, ಗೋಡೆಯ ಕಡೆ ತಿರುಗಲಿಲ್ಲ. ಅತ್ತೆ ಚಹಾದ ಲೋಟವನ್ನು ನೆಲದ ಮೇಲಿಟ್ಟರು. ಇಡಲು ಕೆಳಗೆ ಕೂತವರು, ನೋಯುವ ಮಂಡಿಯ ಮೇಲೆ ಕೈಯೂರಿಕೊಂಡು ಬಹಳ ಹೊತ್ತು ಏಳಲಿಲ್ಲ. ಇಷ್ಟು ದಿನ ತಾಯಿಯ ಬಾಯಿಂದ ಇದೊಂದು ಮಾತು ಬರಲಿ ಅಂತ ಹಂಬಲಿಸಿದ್ದವರು ಅವರೇ.

ಇಬ್ಬರೂ ಸೇರಿ ಮೈ ಹೊರಳಿಸಿದರು. ಬೆಚ್ಚನೆ ನೀರಿನಲ್ಲಿ ಒರೆಸಿದರು. ಮಾಸ್ಟರಮ್ಮ ಕಾಲು, ತೋಳು, ಎಲ್ಲವನ್ನೂ ಅವರ ಕೈಗೆ ಬಿಟ್ಟುಕೊಟ್ಟು, ಪರದೆಯ ಅಂಚನ್ನು ನೋಡುತ್ತಾ ಮಲಗಿದ್ದರು, ಎಲ್ಲೂ ಬಿಗಿಹಿಡಿಯಲಿಲ್ಲ. ಸೊಸೆ ಬೀರುವಿನಿಂದ ಹೊಲಿದಿಟ್ಟಿದ್ದ ತುಂಡು ತೆಗೆದಳು. ಅದನ್ನು ಹಾಸುಬಟ್ಟೆಗೆ ಸೇರಿಸಿ ಹೊಲಿಯಬೇಕು, ಸೂಜಿಗೆ ದಾರವನ್ನೂ ಪೋಣಿಸಿದ್ದಾಗಿತ್ತು. ಅತ್ತೆ ಅವಳ ಮಣಿಕಟ್ಟಿನ ಮೇಲೆ ಕೈಯಿಟ್ಟರು.

"ಬಿಡೇ. ಸುಮ್ನೆ ಮಡಿಸಿ ಹಾಸು ಸಾಕು."

"ನಾಳೆ ನೆನಪಾದ್ರೆ?"

ಅತ್ತೆ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. ಇನ್ನು ನೆನಪಾಗುವುದಿಲ್ಲ ಅಂತ ಸೊಸೆಗೂ ಗೊತ್ತಿತ್ತು. ಅವಳು ಸೂಜಿಯನ್ನು ಕೈಯಲ್ಲೇ ಹಿಡಿದು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅದನ್ನು ರೀಲಿಗೆ ಚುಚ್ಚಿಟ್ಟು, ಹಳೆಯ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ರಬ್ಬರ್ ಶೀಟಿನ ಮೇಲೆ ಹಾಸಿದಳು.

ತಿಂಡಿಯ ಹೊತ್ತಿಗೆ ಮೊಮ್ಮಗ ಅಮ್ಮನ ಕೆಂಪು ಕಣ್ಣು ಕಂಡು ಏನಾಯಿತು ಅಂತ ಕೇಳಿದ. ಅತ್ತೆ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಅವನು ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿ ಮುರಿಯುತ್ತಾ ಕೂತ. ಹಾಗಾದರೆ ಈಗ ಆ ವೃದ್ಧರ ಮನೆಯಲ್ಲಿ ಅಜ್ಜಿಯ ಕೈ ಕಟ್ಟುವ ಪ್ರಮೇಯವೇ ಬರುವುದಿಲ್ಲ ಅಂದ. ಕೊಂಕಾಗಿ ಅಂದದ್ದಲ್ಲ; ಸಮಾಧಾನಕ್ಕೆಂದೇ ಅಂದ. ಸೊಸೆ ಅವನಿಗೆ ಎದುರು ಮಾತು ಹುಡುಕಿದಳು. ಇಷ್ಟು ದಿನ ಅವಳ ಕೈಯಲ್ಲಿದ್ದದ್ದು ಅದೊಂದೇ ವಾದ. ಅದು ಇನ್ನಿಲ್ಲ.

"ಮಗುವಿನ ಜ್ವರ ಇಳೀಲಿ," ಅಂದಳು. "ಆಮೇಲೆ ಮಾತಾಡೋಣ."

ಅವನು ತಲೆಯಾಡಿಸಿ ಬ್ಯಾಗು ಹೆಗಲಿಗೇರಿಸಿದ. ಅವಳು ಒಳಕೋಣೆಗೆ ನೀರು ತೆಗೆದುಕೊಂಡು ಹೋದಳು. ಮಾಸ್ಟರಮ್ಮ ಲೋಟ ತುಟಿಗೆ ತಾಗಿದ ಕೂಡಲೇ ಗಟಗಟನೆ ಕುಡಿದರು, ಇನ್ನೂ ಬೇಕು ಅಂತ ಬಾಯಿ ತೆರೆದರು. ಮಧ್ಯಾಹ್ನ ಮಗು ಮಲಗಿದ ಮೇಲೆ ಸೊಸೆಗೆ ಮಾಡಲು ಏನೂ ಕೆಲಸವಿರಲಿಲ್ಲ. ಎಷ್ಟೋ ದಿನಗಳ ಮೇಲೆ ಸೊಂಟ ಚಾಚಿ ಮಲಗಬಹುದಾಗಿತ್ತು. ಅವಳು ಮಲಗಿದಳು. ನಿದ್ದೆಯೂ ಬಂತು, ಎದ್ದಾಗ ಮೈ ಹಗುರವಾಗಿತ್ತು. ಆ ಹಗುರವನ್ನು ಯಾರಿಗೂ ಹೇಳಿಕೊಳ್ಳಲಾರದೆ ಅವಳು ಎದ್ದು, ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು.